ಒಂದು ‘ಟಿಕ್’ ಶಬ್ದದ ಬೆಲೆ ಎಷ್ಟು? ಗಾಡಿ ಡ್ಯಾಶ್‌ಬೋರ್ಡಿನ ತಿರುಗುವ ಸ್ವಿಚ್ಚಿನ ಕಥೆ

ಮದಕರಿಪುರದಿಂದ ಮಾತಾಡ್ತಾ ಇದ್ದೀನಿ. ಸ್ಟುಡಿಯೋ ಅಂತ ದೊಡ್ಡದೇನೂ ಇಲ್ಲ, ಒಂದು ರೂಮು, ಒಂದು ಮೈಕು, ಬಾಗಿಲಿಗೆ ಅಡ್ಡ ಒಂದು ಕಂಬಳಿ. ಮಧ್ಯೆ ಗಾಡಿ ಹಾರ್ನೋ ಪಕ್ಕದ ಮನೆ ಕುಕ್ಕರ್ ಸೀಟಿಯೋ ಕೇಳಿಸಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಶುರು ಮಾಡೋಕೆ ಮುಂಚೆ ನಿಮಗೊಂದು ಸಣ್ಣ ಕೆಲಸ. ಗಾಡಿ ಓಡಿಸ್ತಾ ಕೇಳ್ತಿರೋರು ಬೇಡ, ಮನೇಲಿರೋರು ಮಾಡಿ. ಎದ್ದು ಹೋಗಿ ಫ್ಯಾನ್ ರೆಗ್ಯುಲೇಟರ್ ಹಿಡ್ಕೊಳ್ಳಿ. ಕಣ್ಣು ಮುಚ್ಚಿ. ಮೂರರಲ್ಲಿದ್ರೆ ಎರಡಕ್ಕೆ ತನ್ನಿ. ಆಯ್ತಲ್ವಾ? ಈಗ ಫೋನ್ ತಗೊಳ್ಳಿ. ಮತ್ತೆ ಕಣ್ಣು ಮುಚ್ಚಿ. ಸ್ಕ್ರೀನಿನ ಬ್ರೈಟ್‌ನೆಸ್ ಸರಿಯಾಗಿ ಅರ್ಧಕ್ಕೆ ತನ್ನಿ. ಆಗಲ್ಲ. ಬೆರಳು ಎಲ್ಲಿದೆ, ಎಷ್ಟು ಸರೀತು, ಸರಿಯಾಗಿ ನಿಂತ್ಕೊಂತಾ, ಒಂದೂ ಗೊತ್ತಾಗಲ್ಲ.

ಇವತ್ತಿನ ವಿಷಯ ಇದೇ. ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಇರೋ ತಿರುಗುವ ಸ್ವಿಚ್ಚು. ನಾವೆಲ್ಲ ನಾಬ್ ಅಂತೀವಿ. ಎಸಿ ನಾಬ್, ಬ್ಲೋವರ್ ನಾಬ್, ಹೆಡ್‌ಲೈಟ್ ನಾಬ್. ಇದನ್ನ ಹೇಗೆ ಡಿಸೈನ್ ಮಾಡ್ತಾರೆ, ಒಳಗೆ ಏನಿರುತ್ತೆ, ಅದು ಸರಿ ಇಲ್ಲದಿದ್ರೆ ಏನಾಗುತ್ತೆ. ನಾನು ಓದಿದ್ದು ಬಿ.ಕಾಂ., ಇಂಜಿನಿಯರ್ ಅಲ್ಲ. ಆದ್ರೆ ಈ ಕಥೆಯ ಮಧ್ಯದಲ್ಲಿ ಒಂದು ಕಡೆ ಅಕೌಂಟ್ಸ್ ಓದಿದವರಿಗೆ ಚೆನ್ನಾಗಿ ಅರ್ಥ ಆಗುವಂಥ ವಿಷಯ ಬರುತ್ತೆ. ಅಲ್ಲಿವರೆಗೂ ಕೇಳಿ.

ಕಣ್ಣು ರೋಡಿಗೆ, ಕೈ ನಾಬಿಗೆ

ನಮ್ಮ ಸೋದರಮಾವ ಲಾರಿ ಡ್ರೈವರ್. ಇಪ್ಪತ್ತು ವರ್ಷದ ಮೇಲಾಯ್ತು, ಹೆಚ್ಚಾಗಿ ನಮ್ಮ ಎನ್‌ಎಚ್ 48ರಲ್ಲೇ ಓಡಾಟ. ಬೆಂಗಳೂರು, ತುಮಕೂರು, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಹಂಗೇ ಪುಣೆ ಕಡೆಗೆ. ಮನೆಗೆ ಹೊಸ ಕಾರು ತಗೊಳ್ಳೋ ಮಾತು ಬಂದಾಗ ಅವರನ್ನೂ ಶೋರೂಮಿಗೆ ಕರ್ಕೊಂಡು ಹೋಗಿದ್ವಿ. ಸೇಲ್ಸ್ ಹುಡುಗ ದೊಡ್ಡ ಸ್ಕ್ರೀನ್ ತೋರಿಸಿ ಹೇಳ್ತಿದ್ದ: ಸಾರ್, ಎಸಿ, ಫ್ಯಾನು, ಎಲ್ಲಾ ಇದರಲ್ಲೇ. ಮಾವ ಒಂದೇ ಪ್ರಶ್ನೆ ಕೇಳಿದ್ರು: "ಅಲ್ಲಪ್ಪಾ, ಐಮಂಗಲದ ಹತ್ರ ಮಳೆ ಹಿಡ್ಕೊಂತು, ಗಾಜು ಮಂಜಾಯ್ತು ಅಂತಿಟ್ಕೋ. ಮುಂದ್ಗಡೆ ಲಾರಿ ಐತೆ, ಹಿಂದ್ಗಡೆ ಬಸ್ಸು ಐತೆ. ಆವಾಗ ಇದರಾಗೆ ನಾನು ಎಲ್ಲಿ ಹುಡುಕ್ಲಿ?"

ಆ ಹುಡುಗನ ಹತ್ರ ಉತ್ತರ ಇರಲಿಲ್ಲ. ಅವನ ತಪ್ಪೇನೂ ಇಲ್ಲ, ಆ ಕಾರು ಡಿಸೈನ್ ಮಾಡಿದವನು ಅವನಲ್ಲ.

ಲೆಕ್ಕ ಹಾಕಿ ನೋಡೋಣ. ಗಂಟೆಗೆ 80 ಕಿಲೋಮೀಟರ್ ಅಂದ್ರೆ ಒಂದು ಸೆಕೆಂಡಿಗೆ 22 ಮೀಟರ್. ಎರಡು ಸೆಕೆಂಡು ಸ್ಕ್ರೀನ್ ಕಡೆ ನೋಡಿದ್ರೆ 44 ಮೀಟರ್. ಅಷ್ಟು ದೂರ ಗಾಡಿ ಓಡ್ತಾ ಇದೆ, ಆದ್ರೆ ಓಡಿಸ್ತಿರೋರ ಕಣ್ಣು ರೋಡಲ್ಲಿಲ್ಲ. ನಮ್ಮ ಹೈವೇಲಿ ಆ 44 ಮೀಟರಲ್ಲಿ ಏನೇನು ಬರಬಹುದು ಅಂತ ನಿಮಗೇ ಗೊತ್ತು. ರಾಂಗ್ ಸೈಡಲ್ಲಿ ಬರೋ ಬೈಕು, ಲೈಟಿಲ್ಲದ ಟ್ರ್ಯಾಕ್ಟರ್ ಟ್ರೈಲರು, ರೋಡ್ ದಾಟ್ತಿರೋ ಕುರಿಮಂದೆ.

ಸ್ವೀಡನ್ನಿನಲ್ಲಿ ‘ವಿ ಬಿಲಾಗರೆ’ ಅಂತ ಒಂದು ಕಾರು ಪತ್ರಿಕೆ ಇದೆ. ಅವರು 2022ರಲ್ಲಿ ಒಂದು ಪರೀಕ್ಷೆ ಮಾಡಿದ್ರು. ಹನ್ನೊಂದು ಹೊಸ ಕಾರು, ಜೊತೆಗೆ 2005ರ ಒಂದು ಹಳೇ ವೋಲ್ವೋ. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಓಡಿಸ್ತಾ ಕೆಲವು ಮಾಮೂಲಿ ಕೆಲಸ ಮಾಡ್ಬೇಕು: ಸೀಟ್ ಹೀಟರ್ ಹಾಕೋದು, ರೇಡಿಯೋ ಹಚ್ಚೋದು, ಟ್ರಿಪ್ ಮೀಟರ್ ರೀಸೆಟ್ ಮಾಡೋದು, ಈ ಥರದ್ದು. ಕಾರಿನ ಪರಿಚಯ ಮಾಡ್ಕೊಳ್ಳೋಕೆ ಡ್ರೈವರ್‌ಗಳಿಗೆ ಮೊದಲೇ ಟೈಮ್ ಕೊಟ್ಟಿದ್ರು. ಬಟನ್ನು ನಾಬು ಇರೋ ಹಳೇ ವೋಲ್ವೋದಲ್ಲಿ ಎಲ್ಲಾ ಮುಗಿಯೋಕೆ 10 ಸೆಕೆಂಡು ಹಿಡೀತು. ಅಷ್ಟರಲ್ಲಿ ಕಾರು ಹೋಗಿದ್ದು 306 ಮೀಟರ್. ಕೊನೇ ಸ್ಥಾನ ಬಂದ ಹೊಸ ಟಚ್‌ಸ್ಕ್ರೀನ್ ಕಾರಿಗೆ ಬೇಕಾಗಿದ್ದು ಸುಮಾರು 45 ಸೆಕೆಂಡು. ದೂರ 1,372 ಮೀಟರ್. ಒಂದು ಕಿಲೋಮೀಟರಿಗಿಂತ ಜಾಸ್ತಿ!

ಒಳಗೆ ಏನಿದೆ?

ಈಗ ನಾಬ್ ಬಿಚ್ಚೋಣ. ಫ್ಯಾನ್ ರೆಗ್ಯುಲೇಟರ್ ತಿರುಗಿಸಿದಾಗ ಟಿಕ್ ಟಿಕ್ ಅಂತಲ್ವಾ, ಆ ಟಿಕ್ ತಾನಾಗಿ ಬರೋದಲ್ಲ. ಬೇಕು ಅಂತಲೇ ಇಟ್ಟಿರೋದು. ಇಂಗ್ಲಿಷಲ್ಲಿ ಅದಕ್ಕೆ ಡಿಟೆಂಟ್ ಅಂತಾರೆ. ಒಳಗೆ ಒಂದು ಬಿಲ್ಲೆ, ಅದರ ಸುತ್ತ ಹಳ್ಳ ದಿಣ್ಣೆ, ಹಳ್ಳ ದಿಣ್ಣೆ. ಒಂದು ಸ್ಪ್ರಿಂಗು ಸಣ್ಣ ಗುಂಡನ್ನೋ ಮೊಳೆ ಥರದ ತುಣುಕನ್ನೋ ಆ ಹಳ್ಳದೊಳಗೆ ಒತ್ತಿ ಹಿಡ್ಕೊಂಡಿರುತ್ತೆ. ನೀವು ತಿರುಗಿಸಿದಾಗ ಅದು ದಿಣ್ಣೆ ಹತ್ತಿ ಮುಂದಿನ ಹಳ್ಳಕ್ಕೆ ಬೀಳುತ್ತೆ. ಆ ಬೀಳೋ ಸದ್ದೇ ಟಿಕ್.

ಇದರಿಂದ ಎರಡು ಲಾಭ. ಒಂದು, ಎಷ್ಟು ಹೆಜ್ಜೆ ಹೋಯ್ತು ಅಂತ ಬೆರಳಿಗೆ ಗೊತ್ತಾಗುತ್ತೆ. ಎರಡು, ಗಾಡಿ ಎಷ್ಟೇ ಕುಲುಕಾಡಿದ್ರೂ ನಾಬ್ ತಾನಾಗೇ ಜಾರಲ್ಲ. ಹಂಪ್ ಹಾರಿಸಿದ್ರೂ ಬ್ಲೋವರ್ ಎರಡರಲ್ಲಿದ್ದದ್ದು ಎರಡರಲ್ಲೇ ಇರುತ್ತೆ. ಇದನ್ನ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಸ್ಪ್ರಿಂಗ್ ಎಷ್ಟು ಗಟ್ಟಿ ಇರಬೇಕು ಅನ್ನೋದು ಡಿಸೈನಿನ ಮೊದಲ ಪ್ರಶ್ನೆ. ತುಂಬಾ ಗಟ್ಟಿಯಾದ್ರೆ ವಯಸ್ಸಾದವರ ಕೈಗೆ ತಿರುಗಲ್ಲ. ತುಂಬಾ ಸಡಿಲ ಆದ್ರೆ ಸೀರೆ ಸೆರಗೋ ಬ್ಯಾಗಿನ ಪಟ್ಟಿಯೋ ತಗುಲಿ ತಿರುಗಿ ಹೋಗುತ್ತೆ. ಈ ಗಟ್ಟಿತನವನ್ನ ಅಳೆಯೋದು ಟಾರ್ಕಿನಲ್ಲಿ, ಅಂದ್ರೆ ತಿರುಗಿಸೋ ಬಲದಲ್ಲಿ. ಅದರ ಅಳತೆ ನ್ಯೂಟನ್ ಸೆಂಟಿಮೀಟರ್. ಹೆದರಬೇಡಿ, ಸುಲಭ ಇದೆ. ನಡುವಿನಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಸುಮಾರು 100 ಗ್ರಾಂ ತೂಕ ನೇತು ಹಾಕಿದ್ರೆ ಬರೋ ಬಲ ಒಂದು ನ್ಯೂಟನ್ ಸೆಂಟಿಮೀಟರ್.

ಎರಡನೇ ಪ್ರಶ್ನೆ, ಕೊನೆ ಇರಬೇಕಾ ಬೇಡ್ವಾ? ಫ್ಯಾನ್ ರೆಗ್ಯುಲೇಟರ್ ಐದಕ್ಕೆ ಹೋಗಿ ನಿಂತುಬಿಡುತ್ತೆ. ಆದ್ದರಿಂದ ಕತ್ತಲಲ್ಲೂ ಪೂರ್ತಿ ತಿರುಗಿಸಿ ಎರಡು ಹೆಜ್ಜೆ ಹಿಂದೆ ಬಂದ್ರೆ ಮೂರು ಅಂತ ಗ್ಯಾರಂಟಿ. ಆದ್ರೆ ಈಗಿನ ಎಷ್ಟೋ ಕಾರಿನ ವಾಲ್ಯೂಮ್ ನಾಬ್ ಸುತ್ತುತ್ತಾನೇ ಇರುತ್ತೆ, ಕೊನೆಯೇ ಇಲ್ಲ. ಅದು ಬೇರೆ ಜಾತಿ, ಎನ್‌ಕೋಡರ್ ಅಂತ. ಅದಕ್ಕೆ ತಾನು ಎಲ್ಲಿದ್ದೀನಿ ಅಂತ ಗೊತ್ತಿರಲ್ಲ, ಯಾವ ಕಡೆಗೆ ಎಷ್ಟು ಹೆಜ್ಜೆ ಹೋದೆ ಅಂತ ಮಾತ್ರ ಗೊತ್ತಿರುತ್ತೆ.

ಅದು ಹೇಗೆ ಅಂದ್ರೆ, ಒಳಗೆ ಎರಡು ಕಾಂಟ್ಯಾಕ್ಟ್ ಇರುತ್ತೆ, ಒಂದರ ಹೆಜ್ಜೆ ಇನ್ನೊಂದಕ್ಕಿಂತ ಸ್ವಲ್ಪ ಹಿಂದೆ. ಬಲಕ್ಕೆ ತಿರುಗಿಸಿದ್ರೆ ಮೊದಲನೇದು ಮುಂಚೆ ಏಳುತ್ತೆ, ಎಡಕ್ಕೆ ತಿರುಗಿಸಿದ್ರೆ ಎರಡನೇದು. ಯಾವುದು ಮೊದಲು ಎದ್ದಿತು ಅಂತ ನೋಡಿ ಒಳಗಿನ ಚಿಪ್ಪು ದಿಕ್ಕು ತಿಳ್ಕೊಳ್ಳುತ್ತೆ. ಇನ್ನೊಂದು ತಲೆನೋವು, ಲೋಹಕ್ಕೆ ಲೋಹ ತಗುಲಿದಾಗ ಒಂದೇ ಸಲಕ್ಕೆ ಕೂತ್ಕೊಳ್ಳಲ್ಲ. ಕೆಲವು ಮಿಲಿಸೆಕೆಂಡು ಕುಪ್ಪಳಿಸುತ್ತೆ, ನೆಲಕ್ಕೆ ಬಿದ್ದ ನಾಣ್ಯದ ಹಾಗೆ. ಚಿಪ್ಪು ಅಷ್ಟು ಹೊತ್ತು ಕಾಯದೇ ಎಣಿಸಿಬಿಟ್ರೆ ಒಂದು ಟಿಕ್‌ಗೆ ಮೂರು ಹೆಜ್ಜೆ ವಾಲ್ಯೂಮ್ ಏರುತ್ತೆ. ಹಳೇ ಮ್ಯೂಸಿಕ್ ಸಿಸ್ಟಮ್ ನಾಬ್ ಸವೆದಾಗ ವಾಲ್ಯೂಮ್ ಹುಚ್ಚುಚ್ಚಾಗಿ ಏರೋದು ಇಳಿಯೋದು ನೋಡಿರ್ತೀರಲ್ಲ, ಅದರ ಒಂದು ಕಾರಣ ಇದೇ.

ಬ್ಲೋವರ್ ನಾಲ್ಕರಲ್ಲಿ ಮಾತ್ರ ಓಡೋದ್ಯಾಕೆ?

ಹಳೇ ಕಾರು ಇಟ್ಕೊಂಡಿರೋರಿಗೆ ಈ ಭಾಗ ದುಡ್ಡು ಉಳಿಸುತ್ತೆ. ಬ್ಲೋವರ್ ಒಂದು, ಎರಡು, ಮೂರರಲ್ಲಿ ತಿರುಗಲ್ಲ, ನಾಲ್ಕರಲ್ಲಿ ಮಾತ್ರ ಜೋರಾಗಿ ತಿರುಗುತ್ತೆ. ಈ ಸಮಸ್ಯೆ ಎಷ್ಟು ಜನರಿಗೆ ಆಗಿದೆ? ನಮ್ಮ ಪರಿಚಯದವರೊಬ್ಬರಿಗೆ ಒಂದು ಗ್ಯಾರೇಜಿನಲ್ಲಿ ಪೂರ್ತಿ ಮೋಟರ್ ಬದಲಾಯಿಸ್ಬೇಕು ಅಂತ ದೊಡ್ಡ ಎಸ್ಟಿಮೇಟ್ ಕೊಟ್ಟಿದ್ರು.

ಯೋಚನೆ ಮಾಡಿ. ಮೋಟರ್ ಕೆಟ್ಟಿದ್ರೆ ನಾಲ್ಕರಲ್ಲಿ ಯಾಕೆ ಓಡ್ಬೇಕು? ಸಾಮಾನ್ಯ ಕಾರಿನಲ್ಲಿ ಕಡಿಮೆ ವೇಗಕ್ಕೆ ಕರೆಂಟನ್ನ ರೆಸಿಸ್ಟರ್ ಅನ್ನೋ ತಂತಿ ಸುರುಳಿ ಮೂಲಕ ಕಳಿಸ್ತಾರೆ. ಒಂದರಲ್ಲಿಟ್ರೆ ಜಾಸ್ತಿ ಅಡ್ಡಿ, ಮೂರರಲ್ಲಿ ಕಡಿಮೆ ಅಡ್ಡಿ. ನಾಲ್ಕರಲ್ಲಿ ಅಡ್ಡಿಯೇ ಇಲ್ಲ, ಕರೆಂಟು ನೇರ ಮೋಟರಿಗೆ. ಅಂದ್ರೆ ಕೆಟ್ಟಿರೋದು ಹೆಚ್ಚಾಗಿ ಆ ರೆಸಿಸ್ಟರ್ ತುಣುಕು, ಮೋಟರಲ್ಲ. ಮೋಟರಿಗೆ ಹೋಲಿಸಿದ್ರೆ ಅದರ ಬೆಲೆ ತುಂಬಾ ಕಡಿಮೆ. ಅದು ಬಿಸಿಯಾಗೋದ್ರಿಂದ ಅದನ್ನ ಬ್ಲೋವರ್ ಗಾಳಿ ಹೋಗೋ ದಾರಿಯಲ್ಲೇ ಇಟ್ಟಿರ್ತಾರೆ, ತಣ್ಣಗಾಗಲಿ ಅಂತ. ಧೂಳು, ಕಸ ಕಟ್ಕೊಂಡು ಗಾಳಿ ಕಡಿಮೆ ಆದ್ರೆ ಸುಟ್ಟು ಹೋಗುತ್ತೆ. ನಮ್ಮ ಬಯಲುಸೀಮೆ ಧೂಳು ನಿಮಗೆ ಗೊತ್ತೇ ಇದೆ.

ಇದೇ ಕಾರಣಕ್ಕೆ ಸ್ವಿಚ್ ಡಿಸೈನ್ ಮಾಡೋರು ಕರೆಂಟ್ ಲೆಕ್ಕ ಹಾಕ್ತಾರೆ. ಬ್ಲೋವರ್ ಮೋಟರಿನ ಕರೆಂಟ್ ನೇರವಾಗಿ ಸ್ವಿಚ್ ಮೂಲಕ ಹೋದ್ರೆ, ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗುವಾಗ ಪ್ರತಿಸಲ ಸಣ್ಣ ಕಿಡಿ ಹಾರುತ್ತೆ. ಸಾವಿರಾರು ಸಲ ಕಿಡಿ ಹಾರಿದ್ರೆ ಕಾಂಟ್ಯಾಕ್ಟ್ ಕಪ್ಪಾಗುತ್ತೆ, ಬಿಸಿಯಾಗುತ್ತೆ, ಪ್ಲಾಸ್ಟಿಕ್ ಕರಗುತ್ತೆ. ಹಾಗಾಗಿ ಹೆಚ್ಚು ಕರೆಂಟಿನ ಕೆಲಸವನ್ನ ರಿಲೇಗೆ ಬಿಟ್ಟು, ಸ್ವಿಚ್ಚಿಗೆ ಬರೀ ಸಿಗ್ನಲ್ ಕೊಡ್ತಾರೆ. ಆದ್ರೆ ಅಲ್ಲೂ ಒಂದು ತಮಾಷೆ ಇದೆ. ಕರೆಂಟ್ ತೀರಾ ಕಡಿಮೆ ಆದ್ರೆ ಕಾಂಟ್ಯಾಕ್ಟ್ ಮೇಲೆ ಕೂತ ತೆಳು ಪದರವನ್ನ ಸುಟ್ಟು ಹಾಕೋಕೆ ಆ ಕಿಡಿಯೂ ಇರಲ್ಲ. ಮನೇಲಿ ಬೆಳ್ಳಿ ಕುಂಕುಮ ಭರಣಿ ಕಪ್ಪಾಗುತ್ತಲ್ಲ, ಸ್ವಿಚ್ಚಿನೊಳಗಿನ ಬೆಳ್ಳಿಯೂ ಹಂಗೇ ಕಪ್ಪಾಗುತ್ತೆ. ಅದಕ್ಕೇ ಸಣ್ಣ ಸಿಗ್ನಲ್ ಸ್ವಿಚ್ಚಿಗೆ ತೆಳುವಾಗಿ ಚಿನ್ನದ ಲೇಪ ಹಾಕೋದು ಉಂಟು. ಇಲ್ಲಾಂದ್ರೆ ಕಾಂಟ್ಯಾಕ್ಟೇ ಬೇಡ ಅಂತ ಮ್ಯಾಗ್ನೆಟ್ಟು ಮತ್ತು ಸೆನ್ಸರ್ ಇಡ್ತಾರೆ. ಒಂದಕ್ಕೊಂದು ಉಜ್ಜಲ್ಲ, ಸವೆಯಲ್ಲ.

57 ಸೆಂಟಿನ ಕಥೆ

ಈಗ ನಾನು ಮೊದಲೇ ಹೇಳಿದ ಆ ಅಕೌಂಟ್ಸ್ ಭಾಗಕ್ಕೆ ಬರೋಣ.

ಗಾಡಿಯಲ್ಲಿರೋ ಅತಿ ಮುಖ್ಯವಾದ ತಿರುಗುವ ಸ್ವಿಚ್ ಯಾವುದು? ಎಸಿ ಅಲ್ಲ, ಲೈಟೂ ಅಲ್ಲ. ಕೀ ಹಾಕಿ ತಿರುಗಿಸ್ತೀವಲ್ಲ, ಇಗ್ನಿಷನ್ ಸ್ವಿಚ್. ಆಫ್, ಆಕ್ಸೆಸರಿ, ಆನ್, ಸ್ಟಾರ್ಟ್. ಅದರೊಳಗೂ ಅದೇ ಹಳ್ಳ ದಿಣ್ಣೆ, ಅದೇ ಸ್ಪ್ರಿಂಗು. ಕೊನೆಯ ಸ್ಟಾರ್ಟ್ ಮಾತ್ರ ನಮ್ಮ ಮಿಕ್ಸಿಯ ಪಲ್ಸ್ ಇದ್ದಂಗೆ, ಕೈ ಬಿಟ್ರೆ ವಾಪಸ್ ಬರುತ್ತೆ.

ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ಷೆವ್ರೊಲೆ ಕೋಬಾಲ್ಟ್, ಸ್ಯಾಟರ್ನ್ ಅಯಾನ್ ಅಂತ ಸಣ್ಣ ಕಾರು ಮಾಡ್ತಿತ್ತು. ಅವುಗಳ ಇಗ್ನಿಷನ್ ಸ್ವಿಚ್ ತಿರುಗಿಸೋಕೆ 15ರಿಂದ 25 ನ್ಯೂಟನ್ ಸೆಂಟಿಮೀಟರ್ ಬಲ ಬೇಕು ಅಂತ ಕಂಪನಿಯೇ ಅಳತೆ ನಿಗದಿ ಮಾಡಿತ್ತು. ತಯಾರಾದ ಸ್ವಿಚ್ಚುಗಳು ಅದಕ್ಕಿಂತ ತುಂಬಾ ಸಡಿಲ ಇದ್ದವು. ಆ ಅಳತೆ ಮುಟ್ಟದಿದ್ರೂ 2002ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು.

ಏನಾಯ್ತು ನೋಡಿ. ಕೀ ಗೊಂಚಲು ಭಾರ ಇದ್ರೆ, ಅಥವಾ ಡ್ರೈವರ್ ಮಂಡಿ ತಗುಲಿದ್ರೆ, ಅಥವಾ ರೋಡಿನ ಗುಂಡಿಗೆ ಕಾರು ಕುಲುಕಿದ್ರೆ, ಕೀ ಆನ್‌ನಿಂದ ಆಕ್ಸೆಸರಿಗೆ ಜಾರ್ತಿತ್ತು. ಓಡ್ತಾ ಇರೋ ಕಾರಿನ ಇಂಜಿನ್ ಬಂದ್. ಪವರ್ ಸ್ಟೀರಿಂಗ್ ಬಂದ್. ಎಲ್ಲಕ್ಕಿಂತ ಭಯಂಕರ, ಏರ್‌ಬ್ಯಾಗ್ ಕೂಡ ಬಂದ್. ಅಂದ್ರೆ ಸ್ಟೀರಿಂಗ್ ಬಿಗಿಯಾಗಿ ಕಾರು ಮರಕ್ಕೆ ಹೋಗಿ ಹೊಡೆಯೋ ಹೊತ್ತಿಗೆ, ಜೀವ ಉಳಿಸಬೇಕಿದ್ದ ಏರ್‌ಬ್ಯಾಗ್ ಬಿಚ್ಕೊಳ್ತಿರಲಿಲ್ಲ.

2006ರಲ್ಲಿ ಕಂಪನಿಯೊಳಗೆ ಸ್ವಿಚ್ಚಿನ ಒಳಭಾಗ ಬದಲಾಯಿಸಲಾಯ್ತು. ಉದ್ದ ಮೊಳೆ, ಗಟ್ಟಿ ಸ್ಪ್ರಿಂಗ್. ಒಳ್ಳೇದಾಯ್ತಲ್ಲ ಅಂತೀರಾ? ಕೇಳಿ. ವಸ್ತು ಬದಲಾಯ್ತು, ಪಾರ್ಟ್ ನಂಬರ್ ಬದಲಾಗಲಿಲ್ಲ. ಹಳೇ ಕೆಟ್ಟ ಸ್ವಿಚ್ಚು, ಹೊಸ ಒಳ್ಳೇ ಸ್ವಿಚ್ಚು, ಎರಡಕ್ಕೂ ಒಂದೇ ನಂಬರು.

ಬಿ.ಕಾಂ. ಓದಿದವರಿಗೆ ಇದು ಎಷ್ಟು ಗಂಭೀರ ಅಂತ ಹೇಳಬೇಕಾಗಿಲ್ಲ. ಒಂದೇ ಬಿಲ್ ನಂಬರಿನಲ್ಲಿ ಎರಡು ಬೇರೆ ಬೇರೆ ಬಿಲ್ ಇದ್ದಂಗೆ. ಆಡಿಟರ್ ಏನು ಹುಡುಕ್ತಾನೆ? ನಮ್ಮ ದೇಶದಲ್ಲಿ 2023ರ ಏಪ್ರಿಲ್ 1ರಿಂದ ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರಿನಲ್ಲಿ ಯಾವುದೇ ಎಂಟ್ರಿ ತಿದ್ದಿದ್ರೆ ಯಾವಾಗ ತಿದ್ದಿದ್ದು, ಏನು ತಿದ್ದಿದ್ದು ಅಂತ ದಾಖಲಾಗೋದು ಕಡ್ಡಾಯ. ಅದಕ್ಕೆ ಆಡಿಟ್ ಟ್ರೇಲ್ ಅಂತಾರೆ. ಲೆಕ್ಕದ ಪುಸ್ತಕಕ್ಕೇ ಇಷ್ಟು ಕಾಳಜಿ. ಅಲ್ಲಿ ಜೀವ ಕಾಯೋ ಸ್ವಿಚ್ಚಿಗೆ ಆ ಜಾಡೇ ಇರಲಿಲ್ಲ.

ಪರಿಣಾಮ ಏನಂದ್ರೆ, ಅಪಘಾತಗಳನ್ನ ಪರಿಶೀಲಿಸ್ತಿದ್ದ ಕಂಪನಿಯ ಜನಕ್ಕೇ ಅರ್ಥ ಆಗಲಿಲ್ಲ. ಹಳೇ ಕಾರಿಗೆ ಆಗ್ತಿದ್ದ ತೊಂದರೆ ಹೊಸ ಕಾರಿಗೆ ಯಾಕೆ ಆಗ್ತಿಲ್ಲ? ಸ್ವಿಚ್ ನಂಬರ್ ಒಂದೇ ಇದೆಯಲ್ಲ? ಕೊನೆಗೆ ಗುಟ್ಟು ಹೊರಗೆ ಬಂದಿದ್ದು, ಮಗಳನ್ನ ಕಳ್ಕೊಂಡ ಒಂದು ಕುಟುಂಬದ ವಕೀಲರು ನೇಮಿಸಿದ ತಜ್ಞರು ಹಳೇದು, ಹೊಸದು ಎರಡನ್ನೂ ಬಿಚ್ಚಿ ಒಳಗಿನ ಮೊಳೆ ಅಳತೆ ಮಾಡಿದಾಗ. ಒಂದು ಉದ್ದ, ಒಂದು ಗಿಡ್ಡ.

2014ರಲ್ಲಿ ಕಂಪನಿ ಕಾರುಗಳನ್ನ ವಾಪಸ್ ಕರೆಸ್ತು, ಸುಮಾರು 26 ಲಕ್ಷ ಕಾರು. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳು 124. 2015ರಲ್ಲಿ ಕಂಪನಿ ಅಮೆರಿಕ ಸರ್ಕಾರಕ್ಕೆ 90 ಕೋಟಿ ಡಾಲರ್ ಕಟ್ಟೋಕೆ ಒಪ್ಪಿತು. ಅಲ್ಲಿನ ಸಂಸತ್ತಿನ ವಿಚಾರಣೆಯಲ್ಲಿ ಆ ಬಿಡಿಭಾಗಕ್ಕೆ ಬೀಳ್ತಿದ್ದ ಖರ್ಚು ಅಂತ ಬಂದ ಅಂಕಿ ಎಷ್ಟು ಗೊತ್ತಾ? 57 ಸೆಂಟು. ಒಂದು ಡಾಲರ್ ಕೂಡ ಅಲ್ಲ.

ಒಂದು ಟಿಕ್ ಸರಿಯಾಗಿ ಗಟ್ಟಿ ಇರಲಿಲ್ಲ. ಅಷ್ಟೇ ಆಗಿದ್ದು.

ಈ ಕಥೆ ಓದಿದ ಮೇಲೆ ನಾನು ಕೀ ಗೊಂಚಲಿನಿಂದ ಬಾಟಲ್ ಓಪನರು, ಮನೆ ಬೀಗದ ಕೀ, ಗಣಪತಿ ಇರೋ ಹಿತ್ತಾಳೆ ಬಿಲ್ಲೆ ಎಲ್ಲಾ ತೆಗೆದು ಬೇರೆ ಮಾಡಿದೆ. ಗಣಪತಿ ಡ್ಯಾಶ್‌ಬೋರ್ಡ್ ಮೇಲೆ ಕೂತಿದ್ದಾನೆ.

ಬೆಂಗಳೂರಿನ ಪುಟ್ಟ ಕಾರು

ನಮ್ಮ ರಾಜ್ಯದಲ್ಲೂ ತಿರುಗುವ ಸ್ವಿಚ್ಚಿಗೆ ಒಂದು ಒಳ್ಳೆ ಅಧ್ಯಾಯ ಇದೆ. ರೇವಾ ಕಾರು ನೆನಪಿದೆಯಾ? ನಮ್ಮಲ್ಲಿ ಬಹಳ ಜನ ಆಗ ಮಕ್ಕಳು. 2001ರಲ್ಲಿ ಬೆಂಗಳೂರಿನಿಂದ ರಸ್ತೆಗೆ ಬಂದ ಎಲೆಕ್ಟ್ರಿಕ್ ಕಾರು, ಚೇತನ್ ಮೈನಿ ಅವರ ಕಂಪನಿಯದ್ದು. ಲಂಡನ್ನಿನಲ್ಲಿ ಅದನ್ನೇ ಜಿ-ವಿಜ್ ಅನ್ನೋ ಹೆಸರಲ್ಲಿ ಮಾರಿದ್ರು. ಮುಂದೆ 2010ರಲ್ಲಿ ಮಹೀಂದ್ರಾ ಅದನ್ನ ತನ್ನದು ಮಾಡ್ಕೊಂತು.

ಅದರಲ್ಲಿ ಕ್ಲಚ್ಚೂ ಇರಲಿಲ್ಲ, ಗೇರ್ ರಾಡೂ ಇರಲಿಲ್ಲ. ಮುಂದಕ್ಕೆ, ನ್ಯೂಟ್ರಲ್, ಹಿಂದಕ್ಕೆ, ಇಷ್ಟನ್ನೂ ಡ್ಯಾಶ್‌ಬೋರ್ಡಿನ ಒಂದು ತಿರುಗುವ ನಾಬ್ ಮಾಡ್ತಿತ್ತು. ಎಲೆಕ್ಟ್ರಿಕ್ ಗಾಡಿಯಲ್ಲಿ ಗೇರ್‌ಬಾಕ್ಸಿಗೆ ಉದ್ದ ರಾಡು ಎಳೆಯೋ ಅಗತ್ಯ ಇಲ್ಲ, ಕಂಟ್ರೋಲರಿಗೆ ಸಿಗ್ನಲ್ ಹೋದ್ರೆ ಸಾಕು. 2020ರಲ್ಲಿ ಬಂದ ಟಾಟಾ ನೆಕ್ಸಾನ್ ಇವಿಯಲ್ಲೂ ಗೇರ್ ಜಾಗದಲ್ಲಿ ಇದ್ದದ್ದು ತಿರುಗುವ ನಾಬೇ.

ಆದ್ರೆ ಗೇರ್ ನಾಬ್ ಆದಾಗ ಡಿಸೈನರ್ ಜವಾಬ್ದಾರಿ ದುಪ್ಪಟ್ಟು. ವಾಲ್ಯೂಮ್ ನಾಬ್ ಅಂತ ಅಂದ್ಕೊಂಡು ಮಗು ಗೇರ್ ನಾಬ್ ತಿರುಗಿಸಿಬಿಟ್ರೆ? ಅದಕ್ಕೇ ಬ್ರೇಕ್ ಒತ್ತದೇ ಗಾಡಿ ಗೇರಿಗೆ ಬೀಳದಂತೆ ಲಾಕ್ ಇಡ್ತಾರೆ. ಗ್ಯಾಸ್ ಸ್ಟೌ ನಾಬನ್ನ ಒತ್ತಿ ತಿರುಗಿಸ್ಬೇಕು ಅನ್ನೋದೂ ಇದೇ ತತ್ವ. ತಿಳಿಯದೇ ಕೈ ತಗುಲಿದ್ರೆ ಏನೂ ಆಗಬಾರದು.

ಆಕಾರದ್ದೂ ಒಂದು ಪಾಠ ಇದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ವಿಮಾನದ ಪೈಲಟ್‌ಗಳು ನೆಲಕ್ಕಿಳಿದ ಮೇಲೆ ಫ್ಲ್ಯಾಪ್ ಎತ್ತೋ ಬದಲು ಚಕ್ರ ಮಡಚಿಬಿಡ್ತಿದ್ರು. ವಿಮಾನ ಹೊಟ್ಟೆ ಮೇಲೆ ಕೂತುಬಿಡ್ತಿತ್ತು. ಪೈಲಟ್‌ಗಳನ್ನ ಬೈಯೋದು ಬಿಟ್ಟು ಆಲ್ಫಾನ್ಸ್ ಚಪಾನಿಸ್ ಅನ್ನೋ ಮನಃಶಾಸ್ತ್ರಜ್ಞ ಕಾಕ್‌ಪಿಟ್ ನೋಡಿದ್ರು. ಎರಡೂ ಕಂಟ್ರೋಲು ಅಕ್ಕಪಕ್ಕ, ನೋಡೋಕೂ ಒಂದೇ ಥರ. ಚಕ್ರದ ಲಿವರಿಗೆ ರಬ್ಬರ್ ಚಕ್ರದ ಆಕಾರ, ಫ್ಲ್ಯಾಪಿನದಕ್ಕೆ ರೆಕ್ಕೆ ಥರದ ಆಕಾರ ಕೊಟ್ರು. ಕೈಗೇ ಗೊತ್ತಾಗೋ ಹಾಗಾಯ್ತು. ಇವತ್ತಿಗೂ ವಿಮಾನಗಳಲ್ಲಿ ಆ ಪದ್ಧತಿ ಇದೆ. ಅಕ್ಕಪಕ್ಕ ಇರೋ ಎರಡು ನಾಬು ಒಂದೇ ಥರ ಇರಬಾರದು ಅಂತ ಡಿಸೈನರ್‌ಗಳು ಹೇಳೋದು ಇದಕ್ಕೇ.

ಹಾಗಾದ್ರೆ ಕಂಪನಿಗಳು ಯಾಕೆ ತೆಗೀತಿವೆ?

ಇಲ್ಲಿ ನ್ಯಾಯವಾಗಿ ಮಾತಾಡಬೇಕು. ಕಂಪನಿಯವರು ದಡ್ಡರಲ್ಲ. ಒಂದು ನಾಬ್ ಅಂದ್ರೆ ಅದಕ್ಕೊಂದು ಅಚ್ಚು, ಅದಕ್ಕೊಂದು ವೈರು, ಕನೆಕ್ಟರು, ಹಿಂದಿನ ಲೈಟು, ಅದನ್ನ ಕೂರಿಸೋ ಕೆಲಸ, ಟೆಸ್ಟಿಂಗು. ಇಪ್ಪತ್ತು ನಾಬಿಗೆ ಇಪ್ಪತ್ತು ಸಲ ಆ ಖರ್ಚು. ಹೇಗೂ ರಿವರ್ಸ್ ಕ್ಯಾಮೆರಾಗೆ, ಮ್ಯಾಪಿಗೆ ಸ್ಕ್ರೀನ್ ಬೇಕು. ಇದ್ದ ಸ್ಕ್ರೀನಿನಲ್ಲೇ ಎಸಿಯನ್ನೂ ಹಾಕಿದ್ರೆ ಅಷ್ಟು ಉಳಿತಾಯ. ಆಮೇಲೆ ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲಿ ಬದಲಾಯಿಸಲೂಬಹುದು. ಶೋರೂಮಿನಲ್ಲಿ ನಮ್ಮಂಥ ವಯಸ್ಸಿನವರಿಗೆ ದೊಡ್ಡ ಸ್ಕ್ರೀನ್ ಕಂಡ್ರೆ ಖುಷಿ ಬೇರೆ.

ನಾಬ್ ಇದ್ದ ಮಾತ್ರಕ್ಕೆ ಎಲ್ಲ ಸರಿ ಅಂತಲೂ ಅಲ್ಲ. 2001ರಲ್ಲಿ ಬಿಎಂಡಬ್ಲ್ಯೂ ತನ್ನ 7 ಸೀರೀಸ್ ಕಾರಿಗೆ ಐಡ್ರೈವ್ ಅಂತ ಒಂದೇ ದೊಡ್ಡ ನಾಬ್ ಇಟ್ಟು ನೂರಾರು ಕೆಲಸವನ್ನ ಅದಕ್ಕೇ ಕೊಟ್ಟಿತು. ಜನ ಬೈದ್ರು. ಯಾಕೆ? ನಾಬ್ ಕೈಯಲ್ಲಿತ್ತು, ಆದ್ರೆ ಅದು ಈಗ ಯಾವ ಕೆಲಸ ಮಾಡ್ತಿದೆ ಅಂತ ತಿಳಿಯೋಕೆ ಸ್ಕ್ರೀನ್ ನೋಡಲೇಬೇಕಿತ್ತು. ಮುಂದೆ ಅವರು ಅದರ ಪಕ್ಕದಲ್ಲಿ ನೇರವಾಗಿ ಒತ್ತೋ ಬಟನ್ನುಗಳನ್ನ ಸೇರಿಸಿದ್ರು. ಅಂದ್ರೆ ಕಣ್ಣಿಲ್ಲದೆ ಕೆಲಸ ಆಗಬೇಕಾದ್ರೆ ಒಂದು ನಾಬಿಗೆ ಒಂದೇ ಕೆಲಸ ಇರಬೇಕು.

ಈಗ ಗಾಳಿ ಸ್ವಲ್ಪ ತಿರುಗಿದೆ. ಯುರೋಪಿನ ಕಾರು ಸುರಕ್ಷತಾ ಪರೀಕ್ಷೆ ಯೂರೋ ಎನ್‌ಕ್ಯಾಪ್ 2026ರಿಂದ ನಿಯಮ ಬದಲಾಯಿಸಿದೆ. ಇಂಡಿಕೇಟರ್, ಹಜಾರ್ಡ್ ಲೈಟ್, ವೈಪರ್, ಹಾರ್ನ್, ತುರ್ತು ಕರೆ, ಇವುಗಳಿಗೆ ಕೈಗೆ ಸಿಗೋ ಸ್ವಿಚ್ ಇಲ್ಲದಿದ್ರೆ ಪೂರ್ತಿ ಅಂಕ ಸಿಗಲ್ಲ, ಐದು ಸ್ಟಾರ್ ಕಷ್ಟ.

ನಮ್ಮಲ್ಲಿ ಇನ್ನೊಂದು ಬದಲಾವಣೆ ಆಗಿದೆ. 3.5 ಟನ್ನಿಗಿಂತ ಮೇಲ್ಪಟ್ಟ ಹೊಸ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಅನ್ನೋ ನಿಯಮ 2025ರಲ್ಲಿ ಜಾರಿಗೆ ಬಂತು. ಏಪ್ರಿಲ್ ತಿಂಗಳಲ್ಲಿ ಹಿರಿಯೂರಿನ ಬಿಸಿಲಲ್ಲಿ ಲಾರಿ ಕ್ಯಾಬಿನ್ನಿನಲ್ಲಿ ಕೂತವರಿಗೆ ಇದರ ಬೆಲೆ ಗೊತ್ತು. ಅಂದ್ರೆ ಇನ್ನು ಮುಂದೆ ಪ್ರತಿ ಹೊಸ ಲಾರಿಗೂ ಒಂದು ಎಸಿ ಕಂಟ್ರೋಲ್ ಬರುತ್ತೆ. ಅದನ್ನ ಬಳಸೋರು ಯಾರು? ಗ್ರೀಸ್ ಆದ ಕೈ, ಬೆವರಿದ ಕೈ, ರಾತ್ರಿ ಎರಡು ಗಂಟೆ, ಗುಯಿಲಾಳು ಟೋಲ್ ದಾಟಿ ಇನ್ನೂ ನಿದ್ದೆ ಹತ್ತದಂತೆ ಕಣ್ಣುಜ್ಜಿಕೊಳ್ತಿರೋ ಡ್ರೈವರ್. ಅವರಿಗೆ ಬೇಕಾಗಿರೋದು ದೊಡ್ಡ ನಾಬು, ಅಂಚಿಗೆ ಗೆರೆ ಗೆರೆ ಹಿಡಿತ, ಎಲ್ಲಿದೆ ಅಂತ ಬೆರಳಿಗೇ ತಿಳಿಯೋ ಒಂದು ಏಣು, ಗಟ್ಟಿ ಟಿಕ್, ಧೂಳು ಒಳಗೆ ಹೋಗದ ಸೀಲು. ಲಾರಿಯಲ್ಲಿ 24 ವೋಲ್ಟ್, ಕಾರಿನಲ್ಲಿ 12 ವೋಲ್ಟ್. ಹಾಗಾಗಿ ಕಾರಿನ ಸ್ವಿಚ್ಚನ್ನೇ ತಂದು ಸಿಕ್ಕಿಸಿದ್ರೂ ನಡೆಯಲ್ಲ.

ನೀವು ಇವತ್ತೇ ತಿರುಗಿಸಬಹುದಾದ ಒಂದು ನಾಬು

ಕೊನೇದಾಗಿ ಒಂದು ವಿಷಯ. ನಿಮ್ಮ ಕಾರಿನ ಸ್ಟೀರಿಂಗ್ ಪಕ್ಕ, ಬಲಗೈ ಮಂಡಿ ಮೇಲ್ಗಡೆ, ಸಣ್ಣದೊಂದು ಚಕ್ರದ ಸ್ವಿಚ್ ಇರಬಹುದು. ಮೇಲೆ 0, 1, 2, 3 ಅಂತ ಬರೆದಿರುತ್ತೆ, ಜೊತೆಗೆ ಹೆಡ್‌ಲೈಟಿನ ಚಿತ್ರ. ಅದು ಹೆಡ್‌ಲೈಟಿನ ಎತ್ತರ ಬದಲಾಯಿಸೋ ಸ್ವಿಚ್. ಮುಂದೆ ಇಬ್ಬರೇ ಕೂತಿದ್ರೆ 0. ಹಿಂದಿನ ಸೀಟು ತುಂಬಿ, ಡಿಕ್ಕಿಯಲ್ಲೂ ಸಾಮಾನು ತುಂಬಿದ್ರೆ ಕಾರಿನ ಹಿಂಭಾಗ ಕುಸಿಯುತ್ತೆ, ಮೂತಿ ಮೇಲೇಳುತ್ತೆ, ಲೈಟು ನೇರ ಎದುರಿನವರ ಕಣ್ಣಿಗೆ ಹೊಡೆಯುತ್ತೆ. ಆಗ 2ಕ್ಕೋ 3ಕ್ಕೋ ತಿರುಗಿಸಿದ್ರೆ ಲೈಟು ಕೆಳಗಿಳಿಯುತ್ತೆ. ಎಷ್ಟು ಭಾರಕ್ಕೆ ಯಾವ ನಂಬರು ಅಂತ ಕಾರಿನ ಪುಸ್ತಕದಲ್ಲಿ ಬರೆದಿರುತ್ತೆ.

ಹೊಸದುರ್ಗ, ಹೊಳಲ್ಕೆರೆ ಕಡೆಯ ರೋಡುಗಳಲ್ಲಿ ಮಧ್ಯೆ ಡಿವೈಡರ್ ಇಲ್ಲ. ಮದುವೆ ಮುಗಿಸಿ ಮನೆ ಮಂದಿಯೆಲ್ಲ ತುಂಬಿಕೊಂಡು ರಾತ್ರಿ ವಾಪಸ್ ಬರೋ ಕಾರುಗಳು ಲೋ ಬೀಮಿನಲ್ಲಿದ್ರೂ ಎದುರಿನ ಬೈಕಿನವರ ಕಣ್ಣು ಕುಕ್ಕುತ್ತವೆ. ಎಷ್ಟೋ ಜನರಿಗೆ ಈ ಸ್ವಿಚ್ ಯಾಕಿದೆ ಅಂತಲೇ ಗೊತ್ತಿಲ್ಲ. ನಾನು ಕೇಳಿದ ಹತ್ತು ಜನ ಸ್ನೇಹಿತರಲ್ಲಿ ಇಬ್ಬರು ಮಾತ್ರ ಸರಿಯಾಗಿ ಹೇಳಿದ್ರು. ಡಿಸೈನರ್ ಕೊಟ್ಟಿದ್ದಾರೆ, ಕಂಪನಿ ಹಾಕಿದೆ, ನಾವು ದುಡ್ಡು ಕೊಟ್ಟಿದ್ದೀವಿ. ಬಳಸೋದೊಂದು ಬಾಕಿ.

ಹೊಸ ಗಾಡಿ ತಗೊಳ್ಳೋಕೆ ಹೋದಾಗ ಈ ಒಂದು ಪರೀಕ್ಷೆ ಮಾಡಿ. ನಿಂತ ಗಾಡಿಯಲ್ಲಿ ಡ್ರೈವರ್ ಸೀಟಿನಲ್ಲಿ ಕೂತು, ಮುಂದಿನ ಗಾಜಿನ ಆಚೆ ಯಾವುದಾದ್ರೂ ಕಂಬ ನೋಡ್ತಾ ಇರಿ. ಕಣ್ಣು ಕದಲಿಸದೆ ಬ್ಲೋವರ್ ಜಾಸ್ತಿ ಮಾಡಿ. ಮುಂದಿನ ಗಾಜಿಗೆ ಗಾಳಿ ತಿರುಗಿಸಿ. ವೈಪರ್ ಹಾಕಿ. ಹಜಾರ್ಡ್ ಹಾಕಿ. ಈ ನಾಲ್ಕೂ ಆದ್ರೆ ಡ್ಯಾಶ್‌ಬೋರ್ಡ್ ಪಾಸು. ಆಗಲಿಲ್ಲ ಅಂದ್ರೆ ಸೇಲ್ಸ್‌ನವರಿಗೆ ಅಲ್ಲೇ ಹೇಳಿ, ಫೀಡ್‌ಬ್ಯಾಕ್ ಫಾರ್ಮಿನಲ್ಲೂ ಬರೀರಿ. ಕಂಪನಿಗಳು ನಾಬ್ ತೆಗೆದದ್ದು ನಮಗೆ ಸ್ಕ್ರೀನ್ ಇಷ್ಟ ಅಂತ. ನಾಬ್ ಬೇಕು ಅಂತ ಗಿರಾಕಿಯೇ ಕೇಳಿದ್ರೆ ವಾಪಸ್ ಬರುತ್ತೆ, ಅದು ಮಾರ್ಕೆಟ್ಟಿನ ನಿಯಮ.

ಮನೇಲಿ ಕಾರು ಇರೋರಿಗೆ, ಲಾರಿ ಓಡಿಸೋ ಮಾವ, ಚಿಕ್ಕಪ್ಪ ಯಾರಾದ್ರೂ ಇದ್ರೆ ಅವರಿಗೆ, ಈ ಎಪಿಸೋಡ್ ಕಳಿಸಿ. ನಿಮ್ಮ ಗಾಡಿಯಲ್ಲಿ ಹೆಡ್‌ಲೈಟ್ ಸ್ವಿಚ್ ಈಗ ಯಾವ ನಂಬರಿನಲ್ಲಿದೆ ಅಂತ ನೋಡಿ ನನಗೆ ಮೆಸೇಜ್ ಮಾಡಿ. ಮುಂದಿನ ವಾರ ಸಿಗೋಣ. ಅಲ್ಲಿವರೆಗೂ ನಿಧಾನಕ್ಕೆ ಓಡಿಸಿ, ಜೋಪಾನ.